ಹಳದಿ ಮೆದುಳಿಗೇರುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನಮಗೆಲ್ಲ ಒಂದೇ ಮಾತು ಹೇಳಿದ್ದಾರೆ: ನಿಮ್ಮ ನಿಮ್ಮ ಕೆಲಸದಿಂದ ಊರಿಗೆ ಉಪಯೋಗವಾಗುವ ಒಂದು ವಿಷಯ ಹೇಳಿ, ಅರ್ಧ ಗಂಟೆ ಮೀರಬೇಡಿ. ನಾನು ಮಕ್ಕಳ ವೈದ್ಯ. ಹಸುಗೂಸಿನ ಕಾಮಾಲೆಯನ್ನು ಆರಿಸಿಕೊಂಡಿದ್ದೇನೆ. ಹುಟ್ಟಿದ ಎರಡು ಮೂರು ದಿನಕ್ಕೆ ಕೂಸು ಕೊಂಚ ಹಳದಿಯಾಗುವುದನ್ನು ನೀವೆಲ್ಲ ಕಂಡಿದ್ದೀರಿ. ದಿನ ತುಂಬಿ ಹುಟ್ಟಿದ ನೂರು ಕೂಸುಗಳಲ್ಲಿ ಸುಮಾರು ಅರವತ್ತಕ್ಕೆ, ದಿನ ತುಂಬದೆ ಹುಟ್ಟಿದವುಗಳಲ್ಲಿ ಸುಮಾರು ಎಂಬತ್ತಕ್ಕೆ ಮೊದಲ ವಾರದಲ್ಲಿ ಹಳದಿ ಕಾಣುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಕೆಲವು ಕೂಸುಗಳಲ್ಲಿ ಮಾತ್ರ ಅದು ಮೆದುಳಿಗೇರುತ್ತದೆ. ಹಾಗೆ ಏರಿ ಸತ್ತುಹೋದ ನರಕೋಶವನ್ನು ಬದುಕಿಸುವ ಔಷಧ ಇವತ್ತಿಗೂ ಇಲ್ಲ. ಏರದಂತೆ ತಡೆಯುವ ಚಿಕಿತ್ಸೆ ಮಾತ್ರ ಸುಲಭದ್ದು, ಹೆಚ್ಚಿನ ತಾಲ್ಲೂಕು ಆಸ್ಪತ್ರೆಗಳಲ್ಲೇ ಸಿಗುವಂಥದ್ದು. ಅದಕ್ಕೇ ಈ ವಿಷಯ ಊರಿನಲ್ಲಿ ಎಲ್ಲರಿಗೂ ಗೊತ್ತಿರಬೇಕು.

ಹಳದಿ ಎಲ್ಲಿಂದ ಬರುತ್ತದೆ?

ಕಬಡ್ಡಿ ಆಡುವಾಗ ಮೊಣಕಾಲಿಗೆ ಏಟು ಬಿದ್ದು ಚರ್ಮದೊಳಗೆ ರಕ್ತ ಹೆಪ್ಪುಗಟ್ಟಿದ್ದನ್ನು ಮಕ್ಕಳೆಲ್ಲ ನೋಡಿದ್ದೀರಿ. ಮೊದಲು ಕಪ್ಪುನೀಲಿ, ಆಮೇಲೆ ಹಸಿರು, ಕೊನೆಗೆ ಹಳದಿ. ಇಡೀ ಪಾಠ ಆ ಮೊಣಕಾಲಿನ ಮೇಲೇ ಇದೆ. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ ಒಡೆದಾಗ ಮೊದಲು ಬಿಲಿವರ್ಡಿನ್ ಎಂಬ ಹಸಿರು ವಸ್ತುವಾಗುತ್ತದೆ, ಅದು ಬಿಲಿರುಬಿನ್ ಎಂಬ ಹಳದಿ ವಸ್ತುವಾಗುತ್ತದೆ. ಏಟು ಬೀಳದಿದ್ದರೂ ಈ ಕೆಲಸ ನಮ್ಮ ಮೈಯಲ್ಲಿ ದಿನವೂ ನಡೆಯುತ್ತಲೇ ಇರುತ್ತದೆ. ದೊಡ್ಡವರ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಹಳೆಯದು ಒಡೆದಾಗ ಅದರಿಂದ ಬಿಲಿರುಬಿನ್ ಹುಟ್ಟುತ್ತದೆ.

ಬಿಲಿರುಬಿನ್ ಎಣ್ಣೆಯ ಜಾತಿಯದು, ನೀರಿನಲ್ಲಿ ಕರಗುವುದಿಲ್ಲ. ನೀರಿನಲ್ಲಿ ಕರಗದ್ದನ್ನು ಮೈಯಿಂದ ಹೊರಹಾಕುವುದು ಕಷ್ಟ. ಆದ್ದರಿಂದ ಪಿತ್ತಜನಕಾಂಗವು ಒಂದು ಕಿಣ್ವದ ಸಹಾಯದಿಂದ ಅದಕ್ಕೆ ಗ್ಲುಕ್ಯುರಾನಿಕ್ ಆಮ್ಲ ಎಂಬ ಸಕ್ಕರೆಯ ನೆಂಟನನ್ನು ಜೋಡಿಸುತ್ತದೆ. ಆಗ ಅದು ನೀರಿನಲ್ಲಿ ಕರಗಿ, ಪಿತ್ತರಸದ ಜೊತೆ ಕರುಳಿಗೆ ಇಳಿದು, ಮಲದಲ್ಲಿ ಹೋಗುತ್ತದೆ. ಮಲಕ್ಕೆ ಬಣ್ಣ ಬರುವುದೂ ಅದರಿಂದಲೇ.

ಹಸುಗೂಸಿನಲ್ಲಿ ಈ ಲೆಕ್ಕ ಮೂರು ಕಡೆ ತಪ್ಪುತ್ತದೆ. ಒಂದು, ಹೊಟ್ಟೆಯೊಳಗಿದ್ದಾಗ ಕೂಸಿಗೆ ಆಮ್ಲಜನಕ ಕಡಿಮೆ ಸಿಗುವುದರಿಂದ ಅದರ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚು. ಅವುಗಳ ಆಯುಷ್ಯವೂ ಕಡಿಮೆ, ಸುಮಾರು 80ರಿಂದ 90 ದಿನ. ಹೀಗಾಗಿ ಮೈತೂಕಕ್ಕೆ ಹೋಲಿಸಿದರೆ ಕೂಸು ದೊಡ್ಡವರಿಗಿಂತ ಎರಡು ಪಟ್ಟು ಬಿಲಿರುಬಿನ್ ತಯಾರಿಸುತ್ತದೆ. ಎರಡು, ಅದನ್ನು ಕರಗಿಸುವ ಕಿಣ್ವ ಹುಟ್ಟಿದಾಗ ದೊಡ್ಡವರಲ್ಲಿ ಇರುವುದರ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಕೆಲಸ ಮಾಡುತ್ತದೆ. ಅಲ್ಲಿಯವರೆಗೆ ಆ ಕೆಲಸವನ್ನು ಮಾಸಿನ ಮೂಲಕ ತಾಯಿಯ ದೇಹವೇ ಮಾಡುತ್ತಿತ್ತು. ಹೊಕ್ಕುಳ ಬಳ್ಳಿ ಕತ್ತರಿಸಿದ ಗಳಿಗೆಯಿಂದ ಕೂಸೇ ಮಾಡಿಕೊಳ್ಳಬೇಕು. ಮೂರು, ಕರುಳಿಗೆ ಇಳಿದ ಬಿಲಿರುಬಿನ್ ಮಲದಲ್ಲಿ ಬೇಗ ಹೋಗದಿದ್ದರೆ ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತದೆ. ಹುಟ್ಟಿದ ಕೂಡಲೇ ಎದೆಹಾಲು ಕುಡಿಸಿದರೆ ಕಪ್ಪು ಮಲ ಬೇಗ ಹೋಗುತ್ತದೆ, ಅದರ ಜೊತೆ ಹಳದಿಯೂ ಹೋಗುತ್ತದೆ. ಮೊದಲ ಗಟ್ಟಿಹಾಲನ್ನು ಹಿಂಡಿ ಚೆಲ್ಲಿ, ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸುವ ಮನೆಗಳಲ್ಲಿ ಕೂಸಿನ ಹಳದಿ ಏರುವುದಕ್ಕೆ ಇದೂ ಒಂದು ಕಾರಣ.

ಮೆದುಳಿನ ಬಾಗಿಲು

ಬಿಲಿರುಬಿನ್ ರಕ್ತದಲ್ಲಿ ಒಂಟಿಯಾಗಿ ತಿರುಗುವುದಿಲ್ಲ. ಆಲ್ಬುಮಿನ್ ಎಂಬ ಪ್ರೋಟೀನಿನ ಗಾಡಿ ಹತ್ತಿ ಕುಳಿತಿರುತ್ತದೆ. ಗಾಡಿಯಲ್ಲಿ ಇರುವಷ್ಟು ಹೊತ್ತು ಅದು ಮೆದುಳಿನೊಳಗೆ ಹೋಗಲಾರದು. ಮೆದುಳಿನ ರಕ್ತನಾಳಗಳ ಗೋಡೆ ಮೈಯ ಉಳಿದ ಕಡೆಯ ಹಾಗಲ್ಲ. ಅಲ್ಲಿನ ಕೋಶಗಳು ಸಂದಿಯಿಲ್ಲದಂತೆ ಒತ್ತಾಗಿ ಹೊಲಿದುಕೊಂಡಿವೆ. ಇದನ್ನು ರಕ್ತ-ಮೆದುಳಿನ ತಡೆಗೋಡೆ ಎನ್ನುತ್ತೇವೆ. ನುಸುಳಿದ ಅಷ್ಟಿಷ್ಟನ್ನು ಹೊರಗೆ ದೂಡುವ ಪಂಪುಗಳೂ ಆ ಗೋಡೆಯಲ್ಲಿವೆ.

ಬಿಲಿರುಬಿನ್ ತುಂಬಾ ಹೆಚ್ಚಾದಾಗ ಗಾಡಿಗಳು ಸಾಲುವುದಿಲ್ಲ. ಗಾಡಿ ಸಿಗದ ಬಿಲಿರುಬಿನ್ ಒಂಟಿಯಾಗಿ ತಿರುಗುತ್ತದೆ. ಅದು ಎಣ್ಣೆಯ ಜಾತಿ; ಗೋಡೆಯೂ ಕೊಬ್ಬಿನಿಂದಾದ ಪೊರೆಗಳದ್ದು. ಹಾಗಾಗಿ ಸಲೀಸಾಗಿ ಒಳಗೆ ಇಳಿಯುತ್ತದೆ. ಕೂಸು ದಿನ ತುಂಬದೆ ಹುಟ್ಟಿದ್ದರೆ ಗಾಡಿಗಳೂ ಕಡಿಮೆ, ಗೋಡೆಯೂ ಎಳೆಯದು. ಹುಟ್ಟುವಾಗ ಉಸಿರುಕಟ್ಟಿದ್ದರೆ, ರಕ್ತದಲ್ಲಿ ಸೋಂಕಿದ್ದರೆ ಗೋಡೆ ಸಡಿಲವಾಗುತ್ತದೆ. ಇಂಥ ಕೂಸುಗಳಿಗೆ ಕಡಿಮೆ ಮಟ್ಟದ ಹಳದಿಯೂ ಅಪಾಯ.

ಗಾಡಿಯ ಮಾತು ಬರೀ ಹೋಲಿಕೆಗೆ ಹೇಳಿದ್ದಲ್ಲ. 1956ರಲ್ಲಿ ನ್ಯೂಯಾರ್ಕಿನ ವೈದ್ಯ ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು ದಿನ ತುಂಬದ ಕೂಸುಗಳ ಒಂದು ಅಧ್ಯಯನ ಪ್ರಕಟಿಸಿದರು. ಸೋಂಕು ತಗಲದಿರಲೆಂದು ಒಂದು ಗುಂಪಿಗೆ ಪೆನ್ಸಿಲಿನ್ ಜೊತೆ ಸಲ್ಫಾ ಔಷಧ, ಇನ್ನೊಂದು ಗುಂಪಿಗೆ ಬೇರೆ ಔಷಧ ಕೊಡಲಾಗಿತ್ತು. ಸಲ್ಫಾ ಪಡೆದ ಗುಂಪಿನಲ್ಲೇ ಹೆಚ್ಚು ಕೂಸುಗಳು ಸತ್ತವು, ಅವುಗಳ ಮೆದುಳು ಹಳದಿಯಾಗಿದ್ದುದು ಕಂಡಿತು. ಕಾರಣ ಆಮೇಲೆ ತಿಳಿಯಿತು: ಸಲ್ಫಾ ತಾನೇ ಆಲ್ಬುಮಿನ್ ಗಾಡಿ ಹತ್ತಿ ಬಿಲಿರುಬಿನ್ನನ್ನು ಕೆಳಗೆ ತಳ್ಳಿತ್ತು. ವೈದ್ಯರು ಬರೆದುಕೊಡದ ಯಾವ ಮಾತ್ರೆಯನ್ನೂ ಅರೆದು ಹಸುಗೂಸಿನ ಬಾಯಿಗೆ ಹಾಕಬೇಡಿ ಎಂದು ನಾವು ಹೇಳುವುದು ಇದಕ್ಕೇ.

ದೊಡ್ಡವರಿಗೆ ಕಾಮಾಲೆ ಬಂದರೆ ಮೆದುಳಿಗೆ ಹೀಗೆ ಆಗುವುದಿಲ್ಲವೇಕೆ ಎಂದು ನೀವು ಕೇಳಬಹುದು. ದೊಡ್ಡವರ ಕಾಮಾಲೆಯಲ್ಲಿ ಸಾಮಾನ್ಯವಾಗಿ ಹೆಚ್ಚಿರುವುದು ಪಿತ್ತಜನಕಾಂಗ ಆಗಲೇ ನೀರಿನಲ್ಲಿ ಕರಗುವಂತೆ ಮಾಡಿದ ಬಿಲಿರುಬಿನ್. ಅದು ಗೋಡೆ ದಾಟಲಾರದು. ಕೂಸಿನದು ಕರಗದ ಬಿಲಿರುಬಿನ್. ಎರಡಕ್ಕೂ ನಾವು ಕಾಮಾಲೆ ಎಂದೇ ಕರೆದರೂ ಒಂದರ ಔಷಧ ಇನ್ನೊಂದಕ್ಕೆ ಆಗುವುದಿಲ್ಲ.

ನರಕೋಶ ಸಾಯುವ ಬಗೆ

ಜೀವಕೋಶದ ಪಾಠವನ್ನು ಮಕ್ಕಳು ನೆನಪಿಸಿಕೊಳ್ಳಿ. ಕೋಶಕ್ಕೆ ಹೊರಪೊರೆ ಇದೆ. ಒಳಗೆ ಮೈಟೊಕಾಂಡ್ರಿಯ ಎಂಬ ಶಕ್ತಿಕೇಂದ್ರಗಳಿವೆ. ಬಿಲಿರುಬಿನ್ ಮೊದಲು ನರಕೋಶದ ಪೊರೆಗೆ ಅಂಟಿಕೊಂಡು ಅದರ ಕಟ್ಟನ್ನು ಸಡಿಲಿಸುತ್ತದೆ. ಆಮೇಲೆ ಮೈಟೊಕಾಂಡ್ರಿಯದ ಪೊರೆಗೆ ಹೋಗುತ್ತದೆ. ಶಕ್ತಿಯ ಉತ್ಪಾದನೆ ಕುಸಿಯುತ್ತದೆ. ಕರೆಂಟು ಹೋದಾಗ ಮೋಟರು ನಿಲ್ಲುವಂತೆ ಕೋಶದ ಪಂಪುಗಳು ನಿಧಾನವಾಗುತ್ತವೆ. ಕ್ಯಾಲ್ಸಿಯಂ ಅನ್ನು ಹೊರಗೆ ಎತ್ತಿಹಾಕುವುದು ಈ ಪಂಪುಗಳ ಕೆಲಸ. ಅವು ಸೋತಾಗ ಕ್ಯಾಲ್ಸಿಯಂ ಕೋಶದೊಳಗೆ ತುಂಬಿ, ಕೋಶವನ್ನೇ ಅರಗಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ.

ಅದೇ ಹೊತ್ತಿಗೆ ಇನ್ನೆರಡು ಅನಾಹುತ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಗ್ಲುಟಮೇಟ್ ಎಂಬ ವಸ್ತು ಹೊರಗೆ ಅತಿಯಾಗಿ ಉಳಿದು, ಪಕ್ಕದ ಕೋಶಗಳನ್ನು ಬಿಡುವಿಲ್ಲದೆ ಕೆರಳಿಸುತ್ತದೆ. ಕೆರಳಿ ಕೆರಳಿ ಅವೂ ಬಳಲುತ್ತವೆ. ಮೆದುಳಿನ ಕಾವಲು ಕೋಶಗಳು ಎಚ್ಚೆತ್ತು ಉರಿಯೂತ ಎಬ್ಬಿಸುತ್ತವೆ. ಹಳದಿ ಮಧ್ಯಮ ಮಟ್ಟದಲ್ಲಿ ಬಹಳ ಹೊತ್ತು ನಿಂತರೆ ಕೋಶ ತನ್ನನ್ನು ತಾನೇ ಒಳಗಿಂದ ಕಳಚಿಕೊಂಡು ಸಾಯುತ್ತದೆ. ಮಟ್ಟ ಅತಿಯಾದರೆ ಊದಿಕೊಂಡು ಒಡೆದು ಸಾಯುತ್ತದೆ. ವಿಚಿತ್ರವೆಂದರೆ ಇದೇ ಬಿಲಿರುಬಿನ್ ಸ್ವಲ್ಪವಿದ್ದಾಗ ಕೋಶಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ಇಲ್ಲಿ ಅಕ್ಷರಶಃ ನಿಜ.

ಈ ಹಳದಿ ಮೆದುಳಿನ ಎಲ್ಲ ಭಾಗಕ್ಕೂ ಒಂದೇ ಸಮನಾಗಿ ಹಿಡಿಯುವುದಿಲ್ಲ. 1875ರಲ್ಲಿ ಜರ್ಮನಿಯ ಯೋಹಾನೆಸ್ ಓರ್ಟ್ ಎಂಬ ವೈದ್ಯರು ಕಾಮಾಲೆಯಿಂದ ಸತ್ತ ಕೂಸಿನ ಮೆದುಳಿನಲ್ಲಿ ಕೆಲವು ಜಾಗ ಮಾತ್ರ ಗಾಢ ಹಳದಿಯಾಗಿದ್ದುದನ್ನು ದಾಖಲಿಸಿದರು. ಮುಂದೆ ಅದೇ ದೇಶದ ಶ್ಮೋರ್ಲ್ ಅವರು ಇದಕ್ಕೆ ಕರ್ನಿಕ್ಟೆರಸ್ ಎಂದು ಹೆಸರಿಟ್ಟರು. ‘ಕರ್ನ್’ ಎಂದರೆ ತಿರುಳು, ಬೀಜ. ‘ಇಕ್ಟೆರಸ್’ ಎಂದರೆ ಕಾಮಾಲೆ. ಮೆದುಳಿನ ಆಳದಲ್ಲಿ ಕೈಕಾಲುಗಳ ಚಲನೆಯನ್ನು ಹದಗೊಳಿಸುವ ನರಗಂಟುಗಳು, ಕಿವಿಯಿಂದ ಬಂದ ಸದ್ದನ್ನು ಹೊತ್ತೊಯ್ಯುವ ದಾರಿ, ಕಣ್ಣುಗುಡ್ಡೆ ಆಡಿಸುವ ಕೇಂದ್ರಗಳು, ಕಿರುಮೆದುಳಿನ ಕೆಲವು ಕೋಶಗಳು ಮುಖ್ಯವಾಗಿ ಹಾನಿಗೆ ಗುರಿಯಾಗುತ್ತವೆ. ಯೋಚನೆ, ತಿಳಿವಳಿಕೆಗೆ ಸಂಬಂಧಿಸಿದ ಮೇಲ್ಮೆದುಳು ಬಹುಮಟ್ಟಿಗೆ ಉಳಿಯುತ್ತದೆ.

ಉಪಾಧ್ಯಾಯರಲ್ಲಿ ಒಂದು ಮಾತು

ಮೇಲ್ಮೆದುಳು ಉಳಿಯುವುದರಿಂದ ಒಂದು ದೊಡ್ಡ ಸಂಕಟ ಹುಟ್ಟುತ್ತದೆ. ಬದುಕಿ ಉಳಿದ ಮಗುವಿನ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಲೋಟಕ್ಕೆ ಕೈ ಚಾಚಿದರೆ ಕೈ ತಿರುಚಿಕೊಂಡು ಬೇರೆ ಕಡೆ ಹೋಗುತ್ತದೆ. ಮುಖ ಸೊಟ್ಟಗಾಗುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ. ಕಣ್ಣನ್ನು ಮೇಲಕ್ಕೆತ್ತಿ ನೋಡುವುದು ಕಷ್ಟ. ಹಾಲುಹಲ್ಲಿನ ಎನಾಮೆಲ್ ಕೆಟ್ಟಿರಬಹುದು. ಇದನ್ನೆಲ್ಲ ನೋಡಿದ ಊರು ಆ ಮಗುವನ್ನು ಬುದ್ಧಿಮಾಂದ್ಯ ಎಂದು ಕರೆದುಬಿಡುತ್ತದೆ. ಎಷ್ಟೋ ಸಲ ಆ ಮಗುವಿಗೆ ಎಲ್ಲವೂ ಅರ್ಥವಾಗುತ್ತಿರುತ್ತದೆ, ಉತ್ತರ ಗೊತ್ತಿರುತ್ತದೆ, ಹೇಳುವುದಕ್ಕೆ ಬಾಯಿ, ಬರೆಯುವುದಕ್ಕೆ ಕೈ ಸಹಕರಿಸುವುದಿಲ್ಲ ಅಷ್ಟೆ.

ಕಿವಿಯದು ಇನ್ನೂ ಮೋಸದ ಕಥೆ. ಕೆಲವು ಮಕ್ಕಳಲ್ಲಿ ಕೈಕಾಲು ಚೆನ್ನಾಗಿದ್ದು ಕಿವಿಯ ದಾರಿಗೆ ಮಾತ್ರ ಪೆಟ್ಟು ಬಿದ್ದಿರುತ್ತದೆ. ಒಳಗಿವಿ ಸರಿಯಾಗಿರುತ್ತದೆ, ಅಲ್ಲಿಂದ ಮೆದುಳಿಗೆ ಹೋಗುವ ಸುದ್ದಿ ಕಲಸಿಹೋಗುತ್ತದೆ. ತಟ್ಟೆ ಬಿದ್ದರೆ ತಿರುಗಿ ನೋಡುವ ಮಗು ಮಾತನ್ನು ಬಿಡಿಸಿಕೊಳ್ಳಲಾರದು, ಅದರಲ್ಲೂ ಗದ್ದಲದ ತರಗತಿಯಲ್ಲಿ. ಸದ್ದಿಗೆ ತಿರುಗುವುದನ್ನು ಕಂಡ ತಾಯಿತಂದೆ ಕಿವಿ ಸರಿಯಿದೆ ಎಂದು ಸುಮ್ಮನಾಗುತ್ತಾರೆ. ಒಳಗಿವಿಯನ್ನು ಮಾತ್ರ ನೋಡುವ ಪರೀಕ್ಷೆಯಲ್ಲೂ ಇದು ಸಿಕ್ಕಿಬೀಳುವುದಿಲ್ಲ. ಕಿವಿಯಿಂದ ಮೆದುಳಕಾಂಡದವರೆಗಿನ ನರವನ್ನು ಅಳೆಯುವ ಬೆರಾ ಪರೀಕ್ಷೆ ಬೇಕು. ಆದ್ದರಿಂದ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟು. ಸದ್ದು ಕೇಳಿಸುತ್ತದೆ, ಪಾಠ ಮಾತ್ರ ತಲೆಗೆ ಹೋಗುವುದಿಲ್ಲ ಎನ್ನುವ ಮಗು ನಿಮ್ಮ ಮುಂದೆ ಬಂದರೆ ದಡ್ಡ ಎಂದು ಹಿಂದಿನ ಬೆಂಚಿಗೆ ಕಳಿಸುವ ಮೊದಲು ಅದರ ತಾಯಿಯನ್ನು ಕರೆಸಿ, ಹುಟ್ಟಿದಾಗ ಕಾಮಾಲೆ ಜೋರಾಗಿತ್ತೇ ಎಂದು ಒಂದು ಮಾತು ಕೇಳಿ.

ಬೆಳಕೇ ಮದ್ದು

ಇದಕ್ಕಿರುವ ಚಿಕಿತ್ಸೆ ಸಿಕ್ಕಿದ್ದು ಒಬ್ಬ ದಾದಿಯ ಕಣ್ಣಿನಿಂದ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ದಿನ ತುಂಬದ ಕೂಸುಗಳನ್ನು ಬಿಸಿಲಿರುವಾಗ ಅಂಗಳಕ್ಕೆ ಕರೆತರುತ್ತಿದ್ದರು. 1956ರಲ್ಲಿ ಒಂದು ದಿನ ಅವರು ವೈದ್ಯರಿಗೆ ಒಂದು ಕೂಸನ್ನು ತೋರಿಸಿದರು. ಮೈಯೆಲ್ಲ ಬಿಳಿಚಿಕೊಂಡಿದೆ, ಬಟ್ಟೆ ಮುಚ್ಚಿದ್ದ ಒಂದು ತುಂಡು ಜಾಗ ಮಾತ್ರ ಹಳದಿ. ಅದೇ ಆಸ್ಪತ್ರೆಯಲ್ಲಿ ಬಿಸಿಲಿನಲ್ಲಿ ಬಿಟ್ಟಿದ್ದ ರಕ್ತದ ಮಾದರಿಯೊಂದರಲ್ಲಿ ಬಿಲಿರುಬಿನ್ ಮಟ್ಟ ಇಳಿದಿದ್ದೂ ಕಂಡಿತು. ಡಾಕ್ಟರ್ ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ದೀಪಗಳನ್ನು ಜೋಡಿಸಿ ಪ್ರಯೋಗ ಮಾಡಿ 1958ರಲ್ಲಿ ಪ್ರಕಟಿಸಿದರು. ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಕೂಸನ್ನು ಮಲಗಿಸುವ ನೀಲಿ ಬೆಳಕಿನ ಪೆಟ್ಟಿಗೆ ಅದರ ಮೊಮ್ಮಗು.

ಬಿಲಿರುಬಿನ್ ಅಣು ತನ್ನೊಳಗೆ ತಾನೇ ಮಡಚಿಕೊಂಡಿರುತ್ತದೆ, ಅದಕ್ಕೇ ನೀರಿಗೆ ಸೇರುವುದಿಲ್ಲ. ನೀಲಿ ಬೆಳಕು ತಗುಲಿದಾಗ ಆ ಮಡಿಕೆ ಬಿಚ್ಚಿಕೊಂಡು ಆಕಾರ ಬದಲಾಗುತ್ತದೆ. ಹೊಸ ಆಕಾರ ನೀರಿನಲ್ಲಿ ಕರಗುವುದರಿಂದ ಪಿತ್ತರಸದಲ್ಲಿ, ಮೂತ್ರದಲ್ಲಿ ಹೊರಟುಹೋಗುತ್ತದೆ. ಎಳೆಯ ಪಿತ್ತಜನಕಾಂಗ ಮಾಡಲಾರದ ಕೆಲಸವನ್ನು ಬೆಳಕು ಚರ್ಮದ ಮೇಲೆಯೇ ಮಾಡಿಕೊಡುತ್ತದೆ. ಹಳದಿ ತೀರಾ ಮೇಲೇರಿದ್ದರೆ ಕೂಸಿನ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಹೊಸ ರಕ್ತ ತುಂಬುತ್ತಾರೆ.

ದೊಡ್ಡವರ ರಕ್ತದಲ್ಲಿ ಬಿಲಿರುಬಿನ್ ಡೆಸಿಲೀಟರಿಗೆ 1 ಮಿಲಿಗ್ರಾಂ ಆಸುಪಾಸು ಇರುತ್ತದೆ. ಕೂಸಿನಲ್ಲಿ 5 ದಾಟಿದಾಗ ಕಣ್ಣಿಗೆ ಹಳದಿ ಕಾಣುತ್ತದೆ. ದಿನ ತುಂಬಿದ ಆರೋಗ್ಯವಂತ ಕೂಸಿನಲ್ಲೂ 20ರಿಂದ 25ರ ಮೇಲೆ ಹೋದರೆ ಮೆದುಳಿಗೆ ಅಪಾಯ. ಬೆಳಕಿನ ಚಿಕಿತ್ಸೆಯನ್ನು ಅದಕ್ಕಿಂತ ಎಷ್ಟೋ ಮೊದಲೇ, ಕೂಸಿನ ವಯಸ್ಸನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ ಶುರುಮಾಡುತ್ತಾರೆ. ಕಣ್ಣಳತೆಯಲ್ಲಿ 12 ಯಾವುದು, 18 ಯಾವುದು ಎಂದು ಹೇಳುವುದು ವೈದ್ಯರಿಗೂ ಆಗದು. ರಕ್ತ ಪರೀಕ್ಷೆಯೇ ಆಗಬೇಕು.

ಮನೆಯಲ್ಲಿ ಏನು ನೋಡಬೇಕು?

ಹೆರಿಗೆಯಾಗಿ ಎರಡು ದಿನಕ್ಕೆ ತಾಯಿ ಮಗು ತವರುಮನೆಗೆ ಬರುತ್ತಾರೆ. ಹಳದಿ ಏರುವುದು ಮೂರರಿಂದ ಐದನೇ ದಿನ. ಅಂದರೆ ಆಸ್ಪತ್ರೆಯಲ್ಲಿ ಕಾಣದ್ದು ಮನೆಯಲ್ಲಿ ಕಾಣಬೇಕು. ನಮ್ಮ ಬಾಣಂತಿ ಕೋಣೆಗೆ ಕಿಟಕಿ ಇರುವುದಿಲ್ಲ, ಇದ್ದರೂ ಮುಚ್ಚಿರುತ್ತದೆ. ಎರೆಯುವಾಗ ಕೂಸಿಗೆ ಅರಿಶಿನ ಹಚ್ಚುತ್ತೇವೆ. ಪುರುಡು ಕಳೆಯುವ ತನಕ ಹೊಸ್ತಿಲು ದಾಟಿಸಬಾರದು ಎನ್ನುತ್ತೇವೆ. ಕತ್ತಲಲ್ಲಿ ಹಳದಿ ಕಾಣದು, ಅರಿಶಿನದ ಕೆಳಗೂ ಕಾಣದು, ಪುರುಡು ಕಳೆಯುವ ಹೊತ್ತಿಗೆ ಮೆದುಳಿನ ಗತಿ ತೀರ್ಮಾನವಾಗಿರಬಹುದು. ಸಂಪ್ರದಾಯವನ್ನು ಹೀಯಾಳಿಸುತ್ತಿಲ್ಲ. ಅಜ್ಜಿಯಂದಿರು ಕೂಸಿಗೆ ಸೋಂಕು, ಗಾಳಿ ತಾಗದಿರಲಿ ಎಂದೇ ಇದನ್ನೆಲ್ಲ ಮಾಡಿದರು. ಮೊದಲ ಒಂದು ವಾರ ಅರಿಶಿನ ಬಿಡಿ, ದಿನಕ್ಕೊಮ್ಮೆ ಕೂಸನ್ನು ಹಗಲು ಬೆಳಕಿಗೆ ತಂದು ನೋಡಿ. ಹಣೆ, ಎದೆ, ಕಾಲನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಚರ್ಮದ ನಿಜ ಬಣ್ಣ ತಿಳಿಯುತ್ತದೆ. ಹಳದಿ ಮುಖದಿಂದ ಶುರುವಾಗಿ ಕೆಳಗಿಳಿಯುತ್ತದೆ.

ಕೂಡಲೇ ಆಸ್ಪತ್ರೆಗೆ ಹೊರಡಬೇಕಾದ ಗುರುತುಗಳು ಇವು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ. ಅಂಗೈ, ಅಂಗಾಲು ಹಳದಿಯಾದರೆ. ಕೂಸು ಮಂಕಾಗಿ, ಹಾಲಿಗೆ ಎಬ್ಬಿಸಿದರೂ ಏಳದಿದ್ದರೆ, ಮೈ ಜೋತುಬಿದ್ದರೆ. ಕೀರಲು ದನಿಯಲ್ಲಿ ಅತ್ತರೆ, ಕತ್ತು ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿದರೆ, ಫಿಟ್ಸ್ ಬಂದರೆ ಒಂದು ಗಳಿಗೆಯೂ ಕಾಯುವಂತಿಲ್ಲ. ಮಂಕಿನ ಹಂತದಲ್ಲಿ ಚಿಕಿತ್ಸೆ ಸಿಕ್ಕರೆ ಮೆದುಳು ಚೇತರಿಸಿಕೊಳ್ಳುವ ಅವಕಾಶ ಚೆನ್ನಾಗಿದೆ. ಬೆನ್ನು ಬಾಗಿದ ಮೇಲೆ ಆ ಅವಕಾಶ ಕಿರಿದಾಗುತ್ತಾ ಹೋಗುತ್ತದೆ. ಇನ್ನೊಂದು ಮಾತು: ಎರಡು ವಾರ ಕಳೆದರೂ ಹಳದಿ ಹೋಗದೆ, ಮಲ ಸುಣ್ಣದಂತೆ ಬಿಳಿಯಾಗಿದ್ದರೆ ಅದು ಪಿತ್ತನಾಳದ ಕಾಯಿಲೆಯಿರಬಹುದು. ಅದಕ್ಕೂ ತಡಮಾಡಬಾರದು.

ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿ ಕೂಸಿನದು ಪಾಸಿಟಿವ್ ಆಗಿದ್ದರೆ, ತಾಯಿಯದು ಓ ಗುಂಪು ಆಗಿ ಕೂಸಿನದು ಎ ಅಥವಾ ಬಿ ಆಗಿದ್ದರೆ, ದಿನ ತುಂಬದಿದ್ದರೆ, ಹಿಂದಿನ ಮಗುವಿಗೂ ಬೆಳಕಿನ ಚಿಕಿತ್ಸೆ ಆಗಿದ್ದರೆ ಮೊದಲಿನಿಂದಲೇ ಎಚ್ಚರವಿರಲಿ. ನೆಗೆಟಿವ್ ತಾಯಂದಿರು ಏಳನೇ ತಿಂಗಳಿನಲ್ಲಿ, ಮತ್ತು ಕೂಸು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಪಡೆದರೆ ಮುಂದಿನ ಕೂಸು ಉಳಿಯುತ್ತದೆ. ಇನ್ನೊಂದು ಅಪಾಯ ನಮ್ಮ ಟ್ರಂಕಿನಲ್ಲೇ ಇದೆ. ಕೆಲವು ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ವಂಶದಲ್ಲೇ ಬಂದಿರುತ್ತದೆ. ನುಸಿಗುಳಿಗೆ ಹಾಕಿಟ್ಟ ಹಳೆಯ ಮೆತ್ತನೆಯ ಸೀರೆಯಲ್ಲಿ ಅಂಥ ಕೂಸನ್ನು ಸುತ್ತಿದರೆ ಆ ವಾಸನೆಗೇ ರಕ್ತಕಣಗಳು ಒಡೆಯತೊಡಗುತ್ತವೆ. ಕೂಸಿನ ಬಟ್ಟೆಯ ಹತ್ತಿರ ನುಸಿಗುಳಿಗೆ ಬೇಡ.

ಕಾಮಾಲೆಗೆಂದು ಬರೆ ಹಾಕಿಸಬೇಡಿ. ಸುಟ್ಟ ಗಾಯದಿಂದ ಸೋಂಕು ಹತ್ತಿ ಹಳದಿ ಇನ್ನಷ್ಟು ಮೆದುಳಿಗೆ ನುಗ್ಗುತ್ತದೆ. ಸೊಪ್ಪಿನ ರಸ ಹಿಂಡಬೇಡಿ. ಬಾಣಂತಿ ಅರಿಶಿನ, ಬೇಳೆ ತಿಂದದ್ದರಿಂದ ಕೂಸು ಹಳದಿಯಾಗುವುದಿಲ್ಲ. ಪಾಪ, ಅವಳ ತಟ್ಟೆಯಿಂದ ಅನ್ನ ಕಿತ್ತುಕೊಳ್ಳಬೇಡಿ. ಎಳೆಬಿಸಿಲು ಹಿಡಿಸಿದರೆ ಸಾಕು ಎಂದು ಕೂರಬೇಡಿ. ಸೂರ್ಯನ ಬೆಳಕಿನಲ್ಲಿ ನೀಲಿಯೂ ಇದೆ ನಿಜ, ಎಷ್ಟು ಸಿಕ್ಕಿತು ಎಂಬ ಅಳತೆ ಅದರಲ್ಲಿ ಸಿಗದು. ಕೂಸಿಗೆ ಚಳಿ ಹತ್ತಬಹುದು, ಚರ್ಮ ಸುಡಬಹುದು, ಅಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ಎರಡು ಮೂರು ಗಂಟೆಗೊಮ್ಮೆ ಎದೆಹಾಲು ಕುಡಿಸುವುದನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಬೆಳಕಿನ ಪೆಟ್ಟಿಗೆಯಲ್ಲಿರುವಾಗಲೂ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂದು ನಿಯಮವಿದೆ. ಅವರು ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸದೆ, ಕೂಸನ್ನು ಬೆಳಕಿಗೆ ತಂದು ತೋರಿಸಿ. 108ಕ್ಕೆ ಫೋನ್ ಮಾಡಿದರೆ ವಾಹನ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಹಸುಗೂಸಿನ ಚಿಕಿತ್ಸೆ ಉಚಿತ.

ಈ ಶಾಲೆಯ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಕೊನೆಯ ಮಾತು. ನಿಮ್ಮ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿ ಬಂದಾಗ ಆ ಕತ್ತಲ ಕೋಣೆಯಿಂದ ಕೂಸನ್ನು ಬೆಳಕಿಗೆ ತರಿಸುವ ಹಟ ನಿಮ್ಮದಾಗಲಿ. ಒತ್ತಿ ನೋಡಿ, ಹಳದಿ ಕಂಡರೆ ದೊಡ್ಡವರಿಗೆ ಹೇಳಿ. ಕೇಳದಿದ್ದರೆ ಇನ್ನೊಮ್ಮೆ ಹೇಳಿ. ಒಂದು ಕೂಸಿನ ಕಿವಿ, ಕೈಕಾಲು ಉಳಿದರೆ ನಾಳೆ ಅದು ನಡೆದುಕೊಂಡು ಇದೇ ಶಾಲೆಗೆ ಬಂದು, ಮೇಷ್ಟ್ರು ಹೇಳಿದ್ದನ್ನು ಕೇಳಿಸಿಕೊಂಡು, ಪಾಠ ಕಲಿಯುತ್ತದೆ.